ಕಥೆಯ ಲೋಕಕ್ಕೆ ಹೋದವರು ಮರಳಿ ಬರುವುದಿಲ್ಲವೇ? ರೋಲ್‌ಪ್ಲೇಯಿಂಗ್ ಆಟದ ಮೊದಲ ದಿನ ನಡೆಯುವುದೇನು?

ಹೇಳಿಕೆ: ಡಂಜನ್ಸ್ ಅಂಡ್ ಡ್ರಾಗನ್ಸ್‌ನಂಥ ಆಟ ಆಡುವವರು ಕಾಲ್ಪನಿಕ ಲೋಕದಲ್ಲೇ ಮುಳುಗಿಹೋಗುತ್ತಾರೆ. ನಿಜ ಯಾವುದು, ಕಥೆ ಯಾವುದು ಎಂಬುದೇ ಅವರಿಗೆ ಮರೆತುಹೋಗುತ್ತದೆ.

ಸತ್ಯಾಂಶ: ತಪ್ಪು. ಆಟ ಶುರುವಾಗುವ ಮೊದಲೇ ಕಥೆಯ ಲೋಕ ಎಂಥದ್ದು, ಅದರಲ್ಲಿ ಏನಿರಬೇಕು, ಏನಿರಬಾರದು ಎಂದು ಎಲ್ಲರೂ ಕೂತು ಮಾತಾಡಿಕೊಳ್ಳುವ ಪದ್ಧತಿ ಇದೆ.

ಏನಿದು ಆಟ?

ಒಂದು ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಅವರೇ ಗೇಮ್ ಮಾಸ್ಟರ್. ಉಳಿದವರದು ಒಂದೊಂದು ಪಾತ್ರ. "ನನ್ನ ಪಾತ್ರ ಗೋಡೆ ಹತ್ತುತ್ತದೆ" ಎಂದು ಆಟಗಾರ ಹೇಳಿದರೆ, ಹತ್ತಿತೋ ಬಿತ್ತೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ವಾರಗಟ್ಟಲೆ ಮುಂದುವರಿಯುವ ಒಂದೇ ಕಥೆಗೆ ಕ್ಯಾಂಪೇನ್ ಎನ್ನುತ್ತಾರೆ. ಆ ಕಥೆ ನಡೆಯುವ ಲೋಕವೇ ಸೆಟ್ಟಿಂಗ್.

ಈ ಭಯ ಹುಟ್ಟಿದ್ದು ಎಲ್ಲಿ?

1979ರ ಆಗಸ್ಟ್‌ನಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಕ್ಯಾಂಪಸ್ಸಿನ ನೆಲದಡಿಯ ಸುರಂಗಗಳಲ್ಲಿ ಈ ಆಟ ಆಡಲು ಹೋಗಿ ಕಳೆದುಹೋಗಿರಬಹುದು ಎಂದು ಕುಟುಂಬ ನೇಮಿಸಿದ್ದ ಖಾಸಗಿ ಪತ್ತೇದಾರ ಊಹಿಸಿದರು. ಪತ್ರಿಕೆಗಳು ಅದನ್ನೇ ದೊಡ್ಡದು ಮಾಡಿದವು. ಕೆಲವು ವಾರಗಳ ಬಳಿಕ ಹುಡುಗ ಪತ್ತೆಯಾದ. ಅವನು ಕಾಣೆಯಾಗಲು ಆಟ ಕಾರಣವಾಗಿರಲಿಲ್ಲ. ಅವನು ತೀವ್ರ ಖಿನ್ನತೆಯಿಂದ ಬಳಲುತ್ತಿದ್ದ. ಅದೇ ಪತ್ತೇದಾರ 1984ರಲ್ಲಿ ಪುಸ್ತಕ ಬರೆದು ನಡೆದದ್ದನ್ನು ವಿವರಿಸಿದರು. ಅಷ್ಟರಲ್ಲಿ 1982ರಲ್ಲಿ, ಇಂಥದೇ ಆಟ ಆಡಿ ಮನಸ್ಸಿನ ಹಿಡಿತ ತಪ್ಪುವ ಯುವಕನ ಕಥೆಯ ಟಿವಿ ಸಿನಿಮಾ ಬಂದಾಗಿತ್ತು. ಆ ಪಾತ್ರ ಮಾಡಿದ್ದವರು ಟಾಮ್ ಹ್ಯಾಂಕ್ಸ್. ಸ್ಪಷ್ಟನೆಗಿಂತ ವದಂತಿಯೇ ಹೆಚ್ಚು ಮನೆ ತಲುಪಿತು.

ನಷ್ಟ ಏನೆಂದರೆ, ಎಲ್ಲರ ಕಣ್ಣು ಆಟದ ಮೇಲೆ ನೆಟ್ಟಾಗ ಖಿನ್ನತೆ ಯಾರಿಗೂ ಕಾಣಲಿಲ್ಲ.

ಹಾಗಾದರೆ ಲೋಕದ ಪರಿಚಯ ಹೇಗೆ ನಡೆಯುತ್ತದೆ?

ಒಂದು ಪ್ರಸಿದ್ಧ ಸೆಟ್ಟಿಂಗ್ ತೆಗೆದುಕೊಳ್ಳೋಣ. ಹೆಸರು ಬರೋವಿಯಾ. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ 1983ರಲ್ಲಿ 'ರೇವನ್‌ಲಾಫ್ಟ್' ಎಂಬ ಸಾಹಸಕಥೆಯಲ್ಲಿ ಇದನ್ನು ಪರಿಚಯಿಸಿದರು. 2016ರಲ್ಲಿ 'ಕರ್ಸ್ ಆಫ್ ಸ್ಟ್ರಾಡ್' ಎಂಬ ದೊಡ್ಡ ಪುಸ್ತಕವಾಗಿ ಅದು ಮತ್ತೆ ಬಂತು. ಗೇಮ್ ಮಾಸ್ಟರ್ ಆಟಗಾರರಿಗೆ ಹೇಳಬೇಕಾದ್ದು ಹೆಚ್ಚುಕಡಿಮೆ ಇಷ್ಟೇ:

"ಬರೋವಿಯಾ ಬೆಟ್ಟಗಳ ನಡುವಿನ ಒಂದು ಕಣಿವೆ. ಸುತ್ತಲೂ ಮಂಜು. ಒಳಗೆ ಬಂದವರು ತಮ್ಮಿಷ್ಟದಂತೆ ಹೊರಗೆ ಹೋಗಲಾರರು. ಇಲ್ಲಿ ಬಿಸಿಲು ನೆಟ್ಟಗೆ ಬೀಳುವುದಿಲ್ಲ. ಕತ್ತಲಾದ ಮೇಲೆ ಜನ ಬಾಗಿಲು ತೆರೆಯುವುದಿಲ್ಲ. ಕೋಟೆಯಲ್ಲಿರುವ ದೊರೆ ಸ್ಟ್ರಾಡ್‌ನ ಹೆಸರು ಹೇಳಲೂ ಹೆದರುತ್ತಾರೆ. ನಿಮ್ಮ ಪಾತ್ರಗಳು ಹೊರಗಿನವು, ಇವತ್ತೇ ಇಲ್ಲಿಗೆ ಬಂದಿವೆ. ಇದು ಭಯದ ಕಥೆ, ಹಾಸ್ಯದ್ದಲ್ಲ."

ಜಾಗ ಎಂಥದ್ದು, ಅಲ್ಲಿನ ಜನ ಹೇಗೆ ಬದುಕುತ್ತಾರೆ, ಆಟಗಾರರ ಪಾತ್ರಗಳಿಗೆ ಅಲ್ಲೇನು ಕೆಲಸ, ಕಥೆಯ ಧಾಟಿ ಯಾವುದು ಎಂಬ ನಾಲ್ಕು ವಿಷಯ ಇದರಲ್ಲಿ ಬಂದವು. ಸ್ಟ್ರಾಡ್ ಯಾರು, ಅವನನ್ನು ಸೋಲಿಸುವ ವಸ್ತುಗಳು ಎಲ್ಲಿವೆ ಎಂಬುದು ಗುಟ್ಟಾಗಿಯೇ ಉಳಿಯುತ್ತದೆ. ಆ ವಸ್ತುಗಳ ಜಾಗವನ್ನು ನಿರ್ಧರಿಸುವುದು ಆಟದೊಳಗೆ ತೆಗೆಯುವ ಭವಿಷ್ಯದ ಕಾರ್ಡುಗಳು. ಹಾಗಾಗಿ ಪುಸ್ತಕ ಓದಿಕೊಂಡು ಬಂದ ಆಟಗಾರನಿಗೂ ಅದು ಮೊದಲೇ ತಿಳಿದಿರುವುದಿಲ್ಲ.

ಇಡೀ ಪುಸ್ತಕ ಓದಿರಬೇಕೇ?

ಬೇಕಿಲ್ಲ. ಇದು ಹೊಸಬರನ್ನು ಹೆದರಿಸಿ ದೂರ ಇಡುವ ಇನ್ನೊಂದು ತಪ್ಪು ಕಲ್ಪನೆ. ಕೆನಡಾದ ಎಡ್ ಗ್ರೀನ್‌ವುಡ್ ಬಾಲ್ಯದಿಂದಲೇ ಕಟ್ಟುತ್ತ ಬಂದ 'ಫರ್ಗಾಟನ್ ರೆಲ್ಮ್ಸ್' 1987ರಲ್ಲಿ ಆಟದ ಸೆಟ್ಟಿಂಗ್ ಆಗಿ ಪ್ರಕಟವಾಯಿತು. ಆಮೇಲೆ ಅದರ ಮೇಲೆ ರಾಶಿ ರಾಶಿ ಪುಸ್ತಕಗಳು ಬಂದಿವೆ. ಅದನ್ನೆಲ್ಲ ಮೊದಲ ದಿನವೇ ಹೇಳಹೊರಟರೆ ಕೇಳುವವರು ಮೊಬೈಲ್ ತೆಗೆಯುತ್ತಾರೆ. ಒಂದು ಪುಟ ಸಾಕು. ಉಳಿದದ್ದು ಆಡುತ್ತಾ ಗೊತ್ತಾಗುತ್ತದೆ.

ಯಾವುದು ಬೇಡ ಎಂದು ಹೇಳಬಹುದೇ?

ಖಂಡಿತ. ಆಟಕ್ಕೆ ಮುಂಚಿನ ಈ ಮಾತುಕತೆಗೆ ಸೆಷನ್ ಝೀರೊ ಎಂಬ ಹೆಸರೇ ಇದೆ. ಬರೋವಿಯಾ ಕಥೆಯಲ್ಲಿ ಮಕ್ಕಳು ಅಪಾಯಕ್ಕೆ ಸಿಲುಕುವ ಸನ್ನಿವೇಶಗಳಿವೆ. ಅದು ಬೇಡ ಎಂದು ಯಾರಾದರೂ ಹೇಳಿದರೆ ಗೇಮ್ ಮಾಸ್ಟರ್ ಅದನ್ನು ತೆಗೆದುಹಾಕಬಹುದು. ಕೆಲವು ಗುಂಪುಗಳು ಮೇಜಿನ ಮೇಲೆ 'ಎಕ್ಸ್' ಎಂದು ಬರೆದ ಕಾರ್ಡ್ ಇಡುತ್ತವೆ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಕ್ರಮ ಇದು. ಯಾರೇ ಅದನ್ನು ಮುಟ್ಟಿದರೂ ಆ ದೃಶ್ಯ ಅಲ್ಲಿಗೇ ನಿಲ್ಲುತ್ತದೆ, ಕಾರಣ ಹೇಳಬೇಕಾಗಿಲ್ಲ. ಕಥೆಯನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಎಲ್ಲರಿಗೂ ಗೊತ್ತಿರುವಾಗ 'ಲೋಕದೊಳಗೆ ಸಿಕ್ಕಿಬೀಳುವ' ಪ್ರಶ್ನೆ ಎಲ್ಲಿಯದು?

ಎಚ್ಚರ ಬೇಕಾದ್ದು ಎಲ್ಲಿ?

ಜನರನ್ನು ವರ್ಣಿಸುವಾಗ. ಬರೋವಿಯಾದಲ್ಲಿ ವಿಸ್ಟಾನಿ ಎಂಬ ಅಲೆಮಾರಿಗಳಿದ್ದಾರೆ. ಯುರೋಪಿನ ರೋಮಾ ಸಮುದಾಯದ ಬಗೆಗಿನ ಹಳೆಯ ಪೂರ್ವಗ್ರಹಗಳೇ ಇವರ ಚಿತ್ರಣದಲ್ಲಿವೆ ಎಂಬ ಟೀಕೆ ಬಂತು. 2020ರಲ್ಲಿ ಪ್ರಕಾಶಕರು ಅದನ್ನು ಸರಿಪಡಿಸುವುದಾಗಿ ಹೇಳಿದರು. "ಅಲೆಮಾರಿಗಳೆಲ್ಲ ಕಳ್ಳರು" ಎಂಬ ಸಾಲು ಕಥೆಯಲ್ಲಿ ಬಂದರೂ ಅದು ಬರೀ ಕಥೆಯಾಗಿ ಉಳಿಯುವುದಿಲ್ಲ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಅಲೆಮಾರಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಗುಂಪೊಂದು ಹೊಡೆದು ಕೊಂದಿತು. ಅದರ ಹಿಂದೆ ಇದ್ದದ್ದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದ್ದ ವದಂತಿ. ಅಲ್ಲಿ ಆಟವೂ ಇರಲಿಲ್ಲ, ದಾಳವೂ ಇರಲಿಲ್ಲ.

ಪೋಷಕರು ಏನು ಮಾಡಬಹುದು?

ಮಗ ಅಥವಾ ಮಗಳು ಇಂಥ ಆಟಕ್ಕೆ ಹೊರಟರೆ, ಯಾವ ಕಥೆ, ಜೊತೆಗೆ ಯಾರಿದ್ದಾರೆ, ಬೇಡವಾದದ್ದನ್ನು ಬೇಡ ಎನ್ನಲು ಅವಕಾಶವಿದೆಯೇ ಎಂದು ಕೇಳಿ. ಸಾಧ್ಯವಾದರೆ ಒಂದು ದಿನ ನೀವೂ ಜೊತೆಗೆ ಕೂತು ನೋಡಿ. ಆದರೆ ಮಕ್ಕಳು ಮಂಕಾಗಿದ್ದರೆ, ಊಟ, ನಿದ್ದೆ, ಮಾತು ಕಡಿಮೆಯಾಗಿದ್ದರೆ ಆಟವನ್ನು ದೂರುತ್ತ ಕೂರಬೇಡಿ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.

"ಈ ಆಟ ಮಕ್ಕಳನ್ನು ನುಂಗುತ್ತದೆ" ಎಂಬ ಸಂದೇಶ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಲೇಬೇಕು ಎನಿಸಿದರೆ ಆ ನಂಬರನ್ನು ಕಳಿಸಿ.