ಕ್ರವಾತ್ ವಕೀಲ ಸಂಸ್ಥೆಯ ಪೂರ್ವೋತ್ತರ

ವಕೀಲಿ ವೃತ್ತಿಯು ಸಾಮಾನ್ಯವಾಗಿ ಒಬ್ಬನ ಬುದ್ಧಿಯನ್ನೂ ಒಬ್ಬನ ವಾಕ್ಚಾತುರ್ಯವನ್ನೂ ಆಶ್ರಯಿಸಿ ನಡೆಯತಕ್ಕುದು. ಪ್ರಸಿದ್ಧನಾದ ವಕೀಲನು ಕಾಲವಾದೊಡನೆ ಅವನ ಕಾರ್ಯಾಲಯವು ಮುಚ್ಚಿಹೋಗುವುದೂ, ಕಕ್ಷಿಗಾರರು ಬೇರೊಬ್ಬನನ್ನು ಅರಸಿಕೊಂಡು ಹೋಗುವುದೂ ಎಲ್ಲ ದೇಶಗಳಲ್ಲಿ ಕಂಡುಬರುವ ಸಂಗತಿ. ಹೀಗಿರಲು, ಅಮೇರಿಕದ ನ್ಯೂಯಾರ್ಕು ನಗರದ ‘ಕ್ರವಾತ್, ಸ್ವೇನ್ ಅಂಡ್ ಮೂರ್’ ಎಂಬ ಸಂಸ್ಥೆಯು ತನ್ನ ಮೂಲವನ್ನು 1819ನೆಯ ಇಸವಿಯಿಂದ ಎಣಿಸಿಕೊಂಡು, ಎರಡು ಶತಮಾನಗಳನ್ನು ದಾಟಿ ಬಾಳುತ್ತಿರುವುದು ವಿಚಾರಾರ್ಹವಾಗಿದೆ. ಇದಕ್ಕೆ ಧನಬಲವೇ ಕಾರಣವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಅದರ ಚರಿತ್ರೆಯನ್ನು ಪರಿಶೀಲಿಸಿದವರಿಗೆ, ಕಿರಿಯರಿಗೆ ವಿದ್ಯೆಯನ್ನು ಕಲಿಸಿದ ಕ್ರಮವೇ ಅದರ ನಿಜವಾದ ಬಲವೆಂಬುದು ವಿದಿತವಾಗುವುದು.

ಸಂಸ್ಥೆಯ ಪೂರ್ವಿಕರಲ್ಲಿ ಬ್ಲ್ಯಾಚ್‌ಫರ್ಡ್ ಮತ್ತು ಸೀವರ್ಡ್ ಮನೆತನಗಳವರು ಪ್ರಧಾನರು. ವಿಲಿಯಂ ಸೀವರ್ಡನು ಆಬರ್ನ್ ಎಂಬ ಊರಿನಲ್ಲಿ ವಕೀಲಿ ಮಾಡುತ್ತಿದ್ದು, ಮುಂದೆ ಅಬ್ರಹಾಂ ಲಿಂಕನನ ಮಂತ್ರಿಮಂಡಲವನ್ನು ಸೇರಿದನು. 1867ರಲ್ಲಿ ರಷ್ಯದಿಂದ ಅಲಾಸ್ಕವನ್ನು ಕೊಳ್ಳುವ ಒಪ್ಪಂದವನ್ನು ಮಾಡಿದವನು ಇವನೇ. ಇವನ ಪಾಲುದಾರನಾಗಿದ್ದ ಸ್ಯಾಮ್ಯುಯೆಲ್ ಬ್ಲ್ಯಾಚ್‌ಫರ್ಡನು 1854ರಲ್ಲಿ ನ್ಯೂಯಾರ್ಕು ನಗರಕ್ಕೆ ಬಂದು ಹೊಸ ಕಾರ್ಯಾಲಯವನ್ನು ತೆರೆದನು. 1882ರಲ್ಲಿ ಅವನು ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾದನು. ಅಂತರ್ಯುದ್ಧವು ಮುಗಿದ ಮೇಲೆ ಆ ದೇಶದಲ್ಲಿ ರೈಲು ಮಾರ್ಗಗಳೂ ಕಾರ್ಖಾನೆಗಳೂ ಬೆಳೆದು, ಸಹಸ್ರಾರು ಜನರ ಬಂಡವಾಳವನ್ನು ಕೂಡಿಸಿದ ಮಹಾಕಂಪೆನಿಗಳು ತಲೆಯೆತ್ತಿದವು. ಇವುಗಳಿಗೆ ಕೋರ್ಟಿನಲ್ಲಿ ವಾದಿಸುವವನಿಗಿಂತಲೂ ಸಾಲಪತ್ರ, ಕರಾರು, ಕಂಪೆನಿಗಳ ಏಕೀಕರಣ ಮೊದಲಾದುವನ್ನು ಸರಿಯಾಗಿ ರಚಿಸಿಕೊಡುವವನು ಹೆಚ್ಚು ಬೇಕಾಗಿದ್ದನು. ಈ ಕೆಲಸವು ಒಬ್ಬನಿಂದ ಆಗತಕ್ಕುದಲ್ಲ.

ಈ ಸಂಧಿಕಾಲದಲ್ಲಿ, 1899ರಲ್ಲಿ, ಪಾಲ್ ಕ್ರವಾತನು ಸಂಸ್ಥೆಯನ್ನು ಸೇರಿದನು. ಅವನು ಹುಟ್ಟಿದುದು 1861ರಲ್ಲಿ, ಒಹಾಯೋ ಪ್ರಾಂತದಲ್ಲಿ. ಅವನ ತಂದೆಯು ಪಾದ್ರಿ. ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಜನರ ವಿದ್ಯಾಭ್ಯಾಸಕ್ಕಾಗಿ ನ್ಯಾಶ್‌ವಿಲ್ ಪಟ್ಟಣದಲ್ಲಿ ಸ್ಥಾಪಿತವಾದ ಫಿಸ್ಕ್ ವಿದ್ಯಾಲಯದ ಪ್ರಥಮಾಧ್ಯಕ್ಷ. ಮಗನಾದರೋ ಕಂಪೆನಿಗಳ ಪಕ್ಷವನ್ನು ವಹಿಸಿದನು. 1886ರಲ್ಲಿ ಕೊಲಂಬಿಯ ವಿದ್ಯಾಲಯದಿಂದ ಕಾಯಿದೆಯ ಪದವಿಯನ್ನು ಪಡೆದ ಅವನು, ಕೆಲವೇ ದಿನಗಳಲ್ಲಿ, ವಿದ್ಯುದ್ದೀಪದ ಹಕ್ಕಿಗಾಗಿ ಎಡಿಸನ್ನನ ಕಂಪೆನಿಯೊಡನೆ ಹೋರಾಡುತ್ತಿದ್ದ ವೆಸ್ಟಿಂಗ್‌ಹೌಸನ ವಕೀಲನಾದನು. 1892ರಲ್ಲಿ ಆ ವ್ಯಾಜ್ಯದಲ್ಲಿ ಎಡಿಸನ್ನನ ಪಕ್ಷವೇ ಗೆದ್ದಿತು. ಆದರೂ ಶಾಸ್ತ್ರಜ್ಞಾನ, ಯಂತ್ರಜ್ಞಾನ, ಅಸಂಖ್ಯ ದಾಖಲೆಗಳು ಇವೆಲ್ಲ ಕೂಡಿದ ಅಂತಹ ವ್ಯಾಜ್ಯವನ್ನು ನಡೆಸಿದವನಿಗೆ, ಹಲವರು ಒಂದೇ ಮನಸ್ಸಿನಿಂದ ದುಡಿಯದೆ ಕಾರ್ಯಸಿದ್ಧಿಯಿಲ್ಲವೆಂಬುದು ಮನವರಿಕೆಯಾಗದೆ ಇರಲಾರದು.

ಅದುವರೆಗೆ ವಕೀಲರ ಬಳಿ ಕಲಿಯಬಂದ ತರುಣರು ಬಹುಮಟ್ಟಿಗೆ ಸಂಬಳವಿಲ್ಲದ ಉಮೇದುವಾರರಾಗಿದ್ದರು. ನಕಲು ಮಾಡುತ್ತ, ಕಣ್ಣಿಗೆ ಬಿದ್ದಷ್ಟನ್ನು ಕಲಿಯುತ್ತಿದ್ದರು. ಕ್ರವಾತನು ಈ ಪದ್ಧತಿಯನ್ನು ಬಿಟ್ಟನು. ಕಾಯಿದೆಯ ಕಾಲೇಜುಗಳಲ್ಲಿ ಶ್ರೇಷ್ಠರೆನಿಸಿದವರನ್ನು ಪದವಿಯಾದ ಕೂಡಲೆ ಸಂಬಳ ಕೊಟ್ಟು ಸೇರಿಸಿಕೊಂಡನು. ಅವರನ್ನು ಒಬ್ಬ ಪಾಲುದಾರನ ಕೈಕೆಳಗೆ ಇರಿಸಿ, ದೊಡ್ಡ ವ್ಯವಹಾರವೊಂದನ್ನು ಅಂಗಾಂಗವಾಗಿ ಬಿಡಿಸಿ, ಒಂದೊಂದು ಅಂಗವನ್ನೂ ಕೂಲಂಕಷವಾಗಿ ಅಭ್ಯಾಸ ಮಾಡಿಸುವುದು. ತರುವಾಯ ಮತ್ತೊಬ್ಬ ಪಾಲುದಾರನ ಬಳಿಗೆ ಕಳುಹಿಸುವುದು. ಕೆಲವು ವರ್ಷಗಳಾದ ಮೇಲೆ ಯೋಗ್ಯನನ್ನು ಪಾಲುದಾರನನ್ನಾಗಿ ಮಾಡಿ, ಉಳಿದವರನ್ನು ಬೇರೆಡೆಗೆ ಬೀಳ್ಕೊಡುವುದು—ಇದೇ ‘ಕ್ರವಾತ್ ಪದ್ಧತಿ’. ಪಾಲುದಾರರ ವರಮಾನವು ತಂದ ಕಕ್ಷಿಗಾರರ ಸಂಖ್ಯೆಯನ್ನು ಅನುಸರಿಸದೆ ಹಿರಿತನವನ್ನು ಅನುಸರಿಸುತ್ತಿದ್ದುದರಿಂದ, ಪರಸ್ಪರ ಮಾತ್ಸರ್ಯಕ್ಕೆ ಆಸ್ಪದವು ಕಡಿಮೆಯಾಯಿತು. ತರ್ಕಪಾಠಶಾಲೆಯಲ್ಲಿ ಪೂರ್ವಪಕ್ಷವನ್ನು ಸಾಂಗವಾಗಿ ಒಪ್ಪಿಸಲಾರದ ಶಿಷ್ಯನಿಗೆ ಸಿದ್ಧಾಂತವನ್ನು ಹೇಳಲು ಅಪ್ಪಣೆಯಿಲ್ಲದಂತೆಯೇ ಇಲ್ಲಿಯೂ ಅಂಗಗಳನ್ನು ಅರಿಯದವನಿಗೆ ಸಮಗ್ರ ಕಾರ್ಯದ ಹೊಣೆಯಿರಲಿಲ್ಲ. ಕ್ರವಾತನು 1940ರಲ್ಲಿ ತೀರಿಕೊಂಡನು. ಸಂಸ್ಥೆಯು ನಿಲ್ಲಲಿಲ್ಲ, 1944ರಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು. ಅನ್ಯ ಸಂಸ್ಥೆಗಳೂ ಈ ಪದ್ಧತಿಯನ್ನೇ ಅನುಸರಿಸಿದವು.

ಪದ್ಧತಿಯ ಸಾಮರ್ಥ್ಯವು ಐ.ಬಿ.ಎಂ. ಕಂಪೆನಿಯ ವ್ಯಾಜ್ಯದಲ್ಲಿ ಪ್ರಕಟವಾಯಿತು. ಗಣಕಯಂತ್ರಗಳ ವ್ಯಾಪಾರವನ್ನು ಈ ಕಂಪೆನಿಯು ಏಕಸ್ವಾಮ್ಯ ಮಾಡಿಕೊಂಡಿದೆಯೆಂದು ಅಮೇರಿಕದ ಸರಕಾರವು 1969ರಲ್ಲಿ ದಾವೆ ಹೂಡಿತು. ಕಂಪೆನಿಯ ಪರವಾಗಿ ಕ್ರವಾತ್ ಸಂಸ್ಥೆಯವರು ಹದಿಮೂರು ವರ್ಷ ಹೋರಾಡಿದರು. ವಿಚಾರಣೆಯ ದಾಖಲೆಯು ಲಕ್ಷ ಪುಟಗಳನ್ನು ಮೀರಿತು. ಕಡೆಗೆ 1982ರಲ್ಲಿ ಸರಕಾರವೇ ದಾವೆಯನ್ನು ಹಿಂದೆಗೆದುಕೊಂಡಿತು.

ಆದರೆ ಗುಣದೊಡನೆ ದೋಷವನ್ನೂ ಹೇಳದಿದ್ದರೆ ಚರಿತ್ರೆಯು ಸ್ತುತಿಪಾಠವಾಗುವುದು. ಯೋಗ್ಯತೆಯೊಂದೇ ಪ್ರಮಾಣವೆಂದು ಸಾರಿದ ನ್ಯೂಯಾರ್ಕಿನ ಮಹಾಸಂಸ್ಥೆಗಳ ಬಾಗಿಲು ಬಹುಕಾಲದವರೆಗೆ ಯೆಹೂದ್ಯರಿಗೂ ಕಪ್ಪು ಜನರಿಗೂ ಸ್ತ್ರೀಯರಿಗೂ ತೆರೆಯಲಿಲ್ಲ. ಕ್ರವಾತ್ ಸಂಸ್ಥೆಯಲ್ಲಿ ಕ್ರಿಸ್ಟೀನ್ ಬೆಷರ್ ಎಂಬಾಕೆಯು ಪ್ರಥಮ ಸ್ತ್ರೀ ಪಾಲುದಾರಳಾದುದು 1971ರಲ್ಲಿ. 2017ರಲ್ಲಿ ಫೈಜಾ ಸಯೀದ್ ಎಂಬಾಕೆಯು ಅಧ್ಯಕ್ಷಸ್ಥಾನಕ್ಕೆ ಬಂದಳು. ಮತ್ತೊಂದು ದೋಷವು ಇದಕ್ಕಿಂತಲೂ ಆಳವಾದುದು. ಇಷ್ಟು ಶ್ರಮದಿಂದ ಸಂಸ್ಕಾರ ಹೊಂದಿದ ಬುದ್ಧಿಯು ಮುಖ್ಯವಾಗಿ ಧನಿಕರ ಸೇವೆಗೇ ದೊರೆಯುವುದು. 1968ರಲ್ಲಿ ಈ ಸಂಸ್ಥೆಯು ಹೊಸಬರ ವಾರ್ಷಿಕ ಸಂಬಳವನ್ನು 15,000 ಡಾಲರಿಗೆ ಏರಿಸಿದಾಗ ಉಳಿದವರೂ ಏರಿಸಬೇಕಾಯಿತು. ಅಂದಿನಿಂದ ಈ ಪೈಪೋಟಿಯು ನಿಂತಿಲ್ಲ. ಹಿರಿತನದ ಪ್ರಕಾರ ಪಾಲು ಹಂಚುವ ನಿಯಮವನ್ನು ಸಹ 2021ರಲ್ಲಿ ಸಡಿಲಿಸಬೇಕಾಯಿತು. ಪಾಲುದಾರರನ್ನು ಒಂದುಗೂಡಿಸಿದ್ದ ಕಟ್ಟೇ ಹೀಗೆ ಸಡಿಲವಾದುದು ಸಣ್ಣ ಸಂಗತಿಯಲ್ಲ.

ಶಿಷ್ಯಪರಂಪರೆಯುಳ್ಳ ಸಂಸ್ಥೆಯು ವ್ಯಕ್ತಿಗಳ ಆಯುಸ್ಸನ್ನು ಮೀರಿ ಬಾಳುವುದೆಂಬುದಕ್ಕೆ ಕ್ರವಾತನ ಕಾರ್ಯಾಲಯವು ನಿದರ್ಶನ. ತಂದೆಯು ಬಿಡುಗಡೆ ಹೊಂದಿದ ಬಡವರಿಗೆ ವಿದ್ಯೆಯನ್ನು ಕೊಟ್ಟನು. ಮಗನು ವಿದ್ಯಾವಂತರನ್ನು ಆರಿಸಿ ಕಂಪೆನಿಗಳ ಕಾರ್ಯಕ್ಕೆ ಸಿದ್ಧಪಡಿಸಿದನು. ಇಬ್ಬರೂ ಕಲಿಸುವುದರಲ್ಲಿ ನಿಪುಣರೇ. ಕಲಿತ ವಿದ್ಯೆಯು ಯಾರ ಉಪಯೋಗಕ್ಕೆ ಬಂದಿತೆಂಬಲ್ಲಿ ಮಾತ್ರ ಇಬ್ಬರ ದಾರಿಯೂ ಬೇರೆಯಾಯಿತು.