ಹಂದಿಜ್ವರ: ಹಿಂದಿನ ಕಥೆ, ಇಂದಿನ ಎಚ್ಚರ

ಮಳೆಗಾಲ ಹಿಡಿಯಿತೆಂದರೆ ನಮ್ಮ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಕೆಮ್ಮು ನೆಗಡಿ ಇಲ್ಲದ ಮನೆಯೇ ಅಪರೂಪ. ಸಾಮಾನ್ಯವಾಗಿ ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ವೃತ್ತಪತ್ರಿಕೆಯಲ್ಲಿ 'ಹಂದಿಜ್ವರ' ಎಂಬ ಮಾತು ಕಂಡಿತೋ, ಆಗ ಮನೆಮಂದಿಗೆಲ್ಲ ದಿಗಿಲು. ನಿನ್ನೆಯ ಅಲಕ್ಷ್ಯವೂ ಸರಿಯಲ್ಲ, ಇಂದಿನ ದಿಗಿಲೂ ಸರಿಯಲ್ಲ. ಈ ಜ್ವರದ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡರೆ ಎರಡನ್ನೂ ಬಿಡಬಹುದು.

ಬೆಂಗಳೂರಿನ ಹಿರಿಯರಿಗೆ ಅಂಟುಜಾಡ್ಯವೆಂದೊಡನೆ ನೆನಪಾಗುತ್ತಿದ್ದುದು ಪ್ಲೇಗು. 1898ರ ಆಗಸ್ಟ್ ತಿಂಗಳಲ್ಲಿ ಅದು ಊರಿಗೆ ಕಾಲಿಟ್ಟಾಗ ಜನ ಮನೆಗಳನ್ನು ತೊರೆದು ಬಯಲಿಗೆ ಓಡಿದರು. ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳೊಡನೆ ಬೇಗ ಬೇಗ ಬೆಳೆದದ್ದು ಆ ಅನುಭವದಿಂದ. ಇಲಿಯ ಮೈಮೇಲಿನ ಚಿಗಟದಿಂದ ಹರಡುವ ರೋಗಕ್ಕೆ ಅದು ತಕ್ಕ ಉಪಾಯವೇ ಸರಿ. ಆದರೆ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಇನ್ನೊಂದು ಜಾಡ್ಯ ಬಂದಿತು. ಅದಕ್ಕೆ ಇಲಿಯೂ ಬೇಕಿರಲಿಲ್ಲ, ಚಿಗಟವೂ ಬೇಕಿರಲಿಲ್ಲ. ಮನುಷ್ಯನ ಉಸಿರೇ ಸಾಕಾಗಿತ್ತು.

ಅದು 1918. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷ. ಆಗ ವಿಜಯನಗರವಿರಲಿಲ್ಲ, ಹೊಸಹಳ್ಳಿಯಿತ್ತು, ಬಸವೇಶ್ವರನಗರವಿರಲಿಲ್ಲ, ಸಾಣೇಗುರುವನಹಳ್ಳಿಯಿತ್ತು. ರಾಜಾಜಿನಗರಕ್ಕೆ ಅಡಿಗಲ್ಲು ಬೀಳಲು ಇನ್ನೂ 31 ವರ್ಷ ಕಾಯಬೇಕಿತ್ತು. ಕೆಂಗೇರಿ ಮಾತ್ರ ಹಳೆಯ ಊರು. ಮೈಸೂರಿನ ರೈಲು ಅದನ್ನು ಹಾದೇ ಹೋಗುತ್ತಿತ್ತು. ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ, ಸೆಪ್ಟೆಂಬರ್ ಹೊತ್ತಿಗೆ ಇಮ್ಮಡಿ ಉಗ್ರವಾಗಿ ರೈಲುದಾರಿಗಳ ಗುಂಟ ದೇಶವನ್ನೆಲ್ಲ ಸುತ್ತಿತು. ದಂಡಿನಲ್ಲಿ ಸೈನಿಕರು, ಪೇಟೆಯಲ್ಲಿ ಇಕ್ಕಟ್ಟಿನ ಮನೆಗಳು, ಬಿನ್ನಿ ಗಿರಣಿಯಂಥ ಕಡೆ ಗುಂಪುಗೂಡಿ ದುಡಿಯುವ ಕೂಲಿಕಾರರು ಇದ್ದ ಬೆಂಗಳೂರೂ ಅದಕ್ಕೆ ಹೊರತಾಗಲಿಲ್ಲ. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಹಸಿದ ಹೊಟ್ಟೆಗೆ ಜ್ವರ ಸೇರಿತು.

ಆ ಜ್ವರದ ಒಂದು ವಿಚಿತ್ರವನ್ನು ತಾವು ಗಮನಿಸಬೇಕು. ಅದು ಮುದುಕರಿಗಿಂತ ಹೆಚ್ಚಾಗಿ 20ರಿಂದ 40 ವರ್ಷದ ಗಟ್ಟಿಮುಟ್ಟಾದವರನ್ನು ಕೊಂಡೊಯ್ದಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಕಾಯಿಲೆಯವರ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತವರು ಅವರೇ ತಾನೆ? ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮಿಕ್ಕು. 1911ರಲ್ಲಿ 25.21 ಕೋಟಿಯಿದ್ದ ಜನಸಂಖ್ಯೆ 1921ರ ಗಣತಿಯಲ್ಲಿ 25.13 ಕೋಟಿಗೆ ಇಳಿಯಿತು. 1901ರಿಂದ ಈಚೆಗೆ ಜನಸಂಖ್ಯೆ ಇಳಿದ ದಶಕ ಅದೊಂದೇ.

ಇನ್ನು ಹಂದಿಯ ಮಾತು. ಅದೇ 1918ರಲ್ಲಿ ಅಮೆರಿಕದ ಹಂದಿಗಳಿಗೂ ಇಂಥದೇ ಜ್ವರ ಬಂದಿತ್ತು. ಮನುಷ್ಯನೇ ಅವಕ್ಕೆ ಅಂಟಿಸಿದನೆಂದು ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯ. ರಿಚರ್ಡ್ ಶೋಪ್ ಎಂಬ ವಿಜ್ಞಾನಿ 1931ರಲ್ಲಿ ಹಂದಿಯ ಜ್ವರಕ್ಕೆ ಕಾರಣವಾದ ವೈರಾಣುವನ್ನು ತೋರಿಸಿಕೊಟ್ಟನು. ಮನುಷ್ಯನ ಇನ್‌ಫ್ಲುಯೆಂಜಾ ವೈರಾಣು ಲಂಡನ್ನಿನಲ್ಲಿ ಪತ್ತೆಯಾದದ್ದು 1933ರಲ್ಲಿ. ಹಂದಿ, ಹಕ್ಕಿ, ಮನುಷ್ಯ ಈ ಮೂವರ ವೈರಾಣುಗಳ ಅಂಶಗಳು ಬೆರೆತು ಹುಟ್ಟಿದ ಹೊಸ ತಳಿಯೊಂದು 2009ರ ಏಪ್ರಿಲ್‌ನಲ್ಲಿ ಮೆಕ್ಸಿಕೊ, ಅಮೆರಿಕಗಳಲ್ಲಿ ಬೆಳಕಿಗೆ ಬಂದಿತು. ಅದಕ್ಕೆ ಹಂದಿಜ್ವರವೆಂದು ಹೆಸರಾಯಿತು. ಆದರೆ ಅದು ನಮ್ಮ ಮನೆಗೆ ಬರುವುದು ಹಂದಿಯಿಂದಲ್ಲ, ಬೇಯಿಸಿದ ಮಾಂಸದಿಂದಲೂ ಅಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು ಕೆಮ್ಮಿದವರಿಂದ ಬರುತ್ತದೆ.

2009ರ ಆಗಸ್ಟ್‌ನಲ್ಲಿ ಬೆಂಗಳೂರು ಅದರಿಂದ ಮೊದಲ ಸಾವನ್ನು ಕಂಡಿತು. ರಾಜೀವ್ ಗಾಂಧಿ ಎದೆರೋಗಗಳ ಆಸ್ಪತ್ರೆಯಲ್ಲಿ ಚಿಕಿತ್ಸೆ, ನಿಮ್ಹಾನ್ಸ್‌ನಲ್ಲಿ ಗಂಟಲ ದ್ರವದ ಪರೀಕ್ಷೆ ನಡೆದವು. 2010ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗದ್ವ್ಯಾಪಿ ಪಿಡುಗು ಮುಗಿಯಿತೆಂದು ಸಾರಿತು. ರೋಗ ಮಾತ್ರ ಹೋಗಲಿಲ್ಲ. ವರ್ಷವರ್ಷವೂ ಬರುವ ಶೀತಜ್ವರಗಳಲ್ಲಿ ಒಂದಾಗಿ ಉಳಿಯಿತು. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಮಂದಿಗೆ ತಗಲಿ, ಮೂರು ಸಾವಿರದಷ್ಟು ಮಂದಿಯನ್ನು ಬಲಿ ತೆಗೆದುಕೊಂಡಿತು.

1918ರವರಿಗೆ ಇಲ್ಲದ ತಿಳಿವಳಿಕೆ ನಮಗಿದೆ. ವೈರಾಣು ಹೊಕ್ಕ ಒಂದರಿಂದ ನಾಲ್ಕು ದಿನಗಳಲ್ಲಿ ಜ್ವರ ಏಳುತ್ತದೆ. ಜ್ವರ ಏಳುವ ಹಿಂದಿನ ದಿನದಿಂದ ಸುಮಾರು ಒಂದು ವಾರದವರೆಗೆ ರೋಗಿ ಇತರರಿಗೆ ಹರಡಬಲ್ಲ. ಮಕ್ಕಳು ಇನ್ನೂ ಹೆಚ್ಚು ದಿನ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು, ಇಲ್ಲದಿದ್ದರೆ ಮೊಣಕೈಯನ್ನಾದರೂ ಅಡ್ಡ ಇಡುವುದು, ಸೋಪಿನಿಂದ ಕೈ ತೊಳೆಯುವುದು, ಕಿಟಕಿ ತೆರೆದಿಡುವುದು, ರೋಗಿಯೂ ಆರೈಕೆ ಮಾಡುವವರೂ ಮುಖಗವಸು ಹಾಕುವುದು ಇವೆಲ್ಲ ಕೊರೋನಾ ಕಾಲದಲ್ಲಿ ಕಲಿತ ಪಾಠಗಳೇ. ವರ್ಷಕ್ಕೊಮ್ಮೆ ಹಾಕಿಸಬೇಕಾದ ಲಸಿಕೆಯುಂಟು. ಅದರ ಬಲ ಬರಲು ಎರಡು ವಾರ ಬೇಕು. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗ ಉಳ್ಳವರು ಜ್ವರ ಬಂದೊಡನೆ ವೈದ್ಯರನ್ನು ಕಾಣಬೇಕು. ಒಸೆಲ್ಟಾಮಿವಿರ್ ಎಂಬ ಔಷಧಿ ಮೊದಲ ಎರಡು ದಿನಗಳಲ್ಲಿ ಆರಂಭವಾದರೆ ಹೆಚ್ಚು ಗುಣ. ಉಸಿರು ಕಟ್ಟುವುದು, ಎದೆನೋವು, ತುಟಿ ನೀಲಿಯಾಗುವುದು, ಮಂಪರು, ಇಳಿದ ಜ್ವರ ಮತ್ತೆ ಏರುವುದು ಇವು ಯಾರಲ್ಲಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಂಗಡಿಯಿಂದ ತಂದ ಆ್ಯಂಟಿಬಯಾಟಿಕ್ ಮಾತ್ರೆ ವೈರಾಣುವನ್ನು ಕೊಲ್ಲದು.

ಇಷ್ಟೆಲ್ಲ ಗೊತ್ತಿದ್ದೂ ನಾವು ಎಡವುವುದೆಲ್ಲಿ? ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನಾನು, ವರ್ಷವಿಡೀ ಒಂದು ದಿನವೂ ತಪ್ಪದೆ ಬಂದ ಹುಡುಗನಿಗೆ ಬಹುಮಾನ ಕೊಡುತ್ತಿದ್ದೆ. 2009ರ ಆ ಮಳೆಗಾಲದಲ್ಲಿ ಹುಡುಗನೊಬ್ಬ ಜ್ವರದಿಂದ ಕಣ್ಣು ಕೆಂಪಾಗಿ ಕುಳಿತಿದ್ದ. "ಮನೆಗೆ ಹೋಗಪ್ಪ" ಎಂದೆ. "ಹಾಜರಿ ಹೋಗುತ್ತೆ, ಸಾರ್" ಎಂದ. ನಾನು ಸುಮ್ಮನಾದೆ. ಆ ವಾರದಲ್ಲಿ ಅದೇ ಬೆಂಚಿನ ಇನ್ನೂ ಮೂವರು ಹಾಸಿಗೆ ಹಿಡಿದರು. ಎಲ್ಲರೂ ಗುಣವಾಗಿ ಬಂದರು. ಆದರೆ ಅವರಲ್ಲಿ ಒಬ್ಬನ ಮನೆಯಲ್ಲಿ ತುಂಬು ಗರ್ಭಿಣಿಯಾದ ಅಕ್ಕ ಇದ್ದಳೆಂದು ಆಮೇಲೆ ತಿಳಿದಾಗ ನನ್ನ ಎದೆ ನಡುಗಿತು. ಆ ಹುಡುಗನಿಗೆ ಹಾಜರಿಯ ಆಸೆ ಹಚ್ಚಿದವನು ನಾನೇ ಅಲ್ಲವೆ? ಆ ಬಹುಮಾನವನ್ನು ಅಂದಿನಿಂದ ನಿಲ್ಲಿಸಿದೆ.

ಪ್ಲೇಗಿಗೆ ಬೀದಿಗಳನ್ನು ಅಗಲ ಮಾಡಿದೆವು. ಈ ಜ್ವರಕ್ಕೆ ಅಗಲವಾಗಬೇಕಾದುದು ನಮ್ಮ ಮನಸ್ಸು. ಮಗುವಿಗೆ ಜ್ವರ ಬಂದರೆ ಶಾಲೆಗೆ ಕಳುಹಿಸಬೇಡಿ. ಮನೆಗೆಲಸದಾಕೆ ಕೆಮ್ಮುತ್ತಾ ಬಂದರೆ ಸಂಬಳ ಹಿಡಿಯದೆ ನಾಲ್ಕು ದಿನ ರಜೆ ಕೊಡಿ. ಕೂಲಿ ತಪ್ಪುವ ಭಯದಿಂದಲೇ ಆಕೆ ಬರುವುದು. ಜ್ವರ ಬಂದವರು ಮನೆಯಲ್ಲಿ ಉಳಿಯುವುದು ಸೋಮಾರಿತನವಲ್ಲ, ನೆರೆಹೊರೆಗೆ ಮಾಡುವ ಉಪಕಾರ.