ಬಂದೂಕಿನ ಒದೆ: ಬೇಟೆಗಾರನ ಭುಜದಿಂದ ಕೋಟೆಯ ಬುರುಜಿನವರೆಗೆ



"ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ." ನ್ಯೂಟನ್ನನ ಈ ಮೂರನೇ ನಿಯಮವನ್ನು ಹೇಳಿಕೊಡುವಾಗ ನಾವೆಲ್ಲ ಬಂದೂಕಿನ ಉದಾಹರಣೆ ಕೊಡುತ್ತೇವೆ. ಗುಂಡು ಮುಂದಕ್ಕೆ ಹೋಗುತ್ತದೆ, ಬಂದೂಕು ಹಿಂದಕ್ಕೆ ಒದೆಯುತ್ತದೆ. ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಆದರೆ ಈ ಒಂದು ಒದೆಯನ್ನು ತಾಳಿಕೊಳ್ಳಲು ಮನುಷ್ಯ ಪಟ್ಟ ಪಾಡಿನಲ್ಲಿ ನಮ್ಮ ಸೀಮೆಯ ಐದುನೂರು ವರ್ಷದ ಇತಿಹಾಸವೇ ಅಡಗಿದೆ ಎಂದರೆ ನಂಬುತ್ತೀರಾ?

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಹಳೆಯ ಕಾಲದ ಬಂದೂಕಿನ ಸೀಸದ ಗುಂಡು 30 ಗ್ರಾಂ ತೂಗುತ್ತದೆ, ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಬಂದೂಕಿನ ತೂಕ 5 ಕೆ.ಜಿ. ಮದ್ದಿನ ಹೊಗೆಯ ಪಾಲನ್ನು ಬಿಟ್ಟರೂ ಬಂದೂಕು ಸೆಕೆಂಡಿಗೆ 2.4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದು ಭುಜದಿಂದ ಎರಡು ಬೆರಳು ದೂರ ಇದ್ದರೆ ಈ ವೇಗವೆಲ್ಲ ಪೆಟ್ಟಾಗಿ ಮೂಳೆಗೆ ಬೀಳುತ್ತದೆ. ಭುಜದ ಗುಳಿಗೆ ಒತ್ತಿ ಹಿಡಿದಿದ್ದರೆ ಮೈಯ ಭಾರವೂ ಬಂದೂಕಿನ ಭಾರಕ್ಕೆ ಸೇರುತ್ತದೆ. ಆಗ ಪೆಟ್ಟು ನೂಕಾಗುತ್ತದೆ, ಅಷ್ಟೇ. ಪಳಗಿದ ಬೇಟೆಗಾರರು ಎಡಗಾಲು ಮುಂದಿಟ್ಟು, ಮೈಯನ್ನು ತುಸು ಮುಂದಕ್ಕೆ ಬಾಗಿಸಿ, ಕೆನ್ನೆಯನ್ನು ಮರಕ್ಕೆ ಆನಿಸಿ ನಿಲ್ಲುವುದು ಇದಕ್ಕಾಗಿಯೇ.

ಇನ್ನೊಂದು ಸಂಗತಿ. ನಳಿಗೆ ಭುಜಕ್ಕಿಂತ ಮೇಲಿರುವುದರಿಂದ ಒದೆ ಬಿದ್ದಾಗ ಬಂದೂಕಿನ ಮೂತಿ ಮೇಲಕ್ಕೆ ಏಳುತ್ತದೆ. ಗುಂಡು ನಳಿಗೆಯಲ್ಲಿರುವಾಗಲೇ ಇದು ಶುರುವಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದೇ ರೀತಿ ಹಿಡಿದವನ ಗುರಿ ಮಾತ್ರ ಒಂದೇ ಕಡೆ ಬೀಳುತ್ತದೆ. ಒದೆಗಿಂತಲೂ ಒದೆಯ ಭಯವೇ ಹೆಚ್ಚು ಗುರಿ ಕೆಡಿಸುತ್ತದೆ. ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಕೊಡವಿದರೆ ಗುಂಡು ಎಲ್ಲಿಗೋ ಹೋಗುತ್ತದೆ!

ನಮ್ಮ ದೇಶದ ಹಳೆಯ ಬತ್ತಿ ಕೋವಿಗಳ ಹಿಂಬದಿ ಮರ ತೆಳುವಾಗಿ, ನೇರವಾಗಿ ಇರುತ್ತಿತ್ತು. ಆದರೆ ನಳಿಗೆ ಭಾರ. ಭಾರವಾದ ಬಂದೂಕು ಕಡಿಮೆ ಒದೆಯುತ್ತದೆ. ಯುರೋಪಿನವರ ಬಂದೂಕಿನ ಹಿಂಬದಿ ಅಗಲ. ಅದರಿಂದ ಪೆಟ್ಟು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಒಬ್ಬ ಮನುಷ್ಯ ತಾಳಲಾರದಷ್ಟು ದೊಡ್ಡ ಬಂದೂಕುಗಳನ್ನು ಕೋಟೆಗೋಡೆಯ ಮೇಲೆ ಕೀಲಿಗೆ ಕೂರಿಸುತ್ತಿದ್ದರು. ಒದೆಯನ್ನು ಗೋಡೆಯೇ ತಿನ್ನುತ್ತಿತ್ತು.

ಇನ್ನು ತೋಪಿನ ಮಾತು. 1,000 ಕೆ.ಜಿ. ತೋಪು 10 ಕೆ.ಜಿ. ಗುಂಡನ್ನು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಎಸೆದರೆ ತೋಪು 3 ಮೀಟರ್ ವೇಗದಲ್ಲಿ ಹಿಂದಕ್ಕೆ ಉರುಳುತ್ತದೆ. ಹಿಂದೆ ನಿಂತವನ ಗತಿ ಮುಗಿಯಿತು. ಪ್ರತಿ ಈಡಿನ ನಂತರ ಅದನ್ನು ಮತ್ತೆ ಮುಂದಕ್ಕೆ ನೂಕಿ, ಮತ್ತೆ ಗುರಿ ಹಿಡಿಯಬೇಕು. 1520ರಲ್ಲಿ ಪಕ್ಕದ ರಾಯಚೂರಿಗಾಗಿ ನಡೆದ ಯುದ್ಧದಲ್ಲಿ ಆದಿಲ್‌ಶಾಹಿಗಳ ತೋಪುಗಳು ಮೊದಲ ಈಡಿಗೆ ಅಪಾರ ಹಾನಿ ಮಾಡಿದರೂ ಕೊನೆಗೆ ಗೆದ್ದವನು ಕೃಷ್ಣದೇವರಾಯ. ಪೋರ್ಚುಗೀಸ್ ಬರಹಗಾರ ನೂನಿಜ್ ಈ ಯುದ್ಧವನ್ನು ವಿವರವಾಗಿ ಬರೆದಿದ್ದಾನೆ. ಆ ಕಾಲದ ತೋಪಿಗೆ ಬಲವಿತ್ತು, ಬೇಗ ಬೇಗ ಹಾರಿಸುವ ಅನುಕೂಲವಿರಲಿಲ್ಲ.

ಸೋತ ಬಿಜಾಪುರದವರು ಪಾಠ ಕಲಿತರು. ಮುಂದಿನ ದಶಕಗಳಲ್ಲಿ ಅವರ ಕೋಟೆಗಳ ರೂಪವೇ ಬದಲಾಯಿತು. ತೋಪಿಗೆಂದೇ ದುಂಡನೆಯ ಎತ್ತರದ ಬುರುಜುಗಳು ಬಂದವು. ಬಿಜಾಪುರದಲ್ಲಿ ಇಂದಿಗೂ ನೋಡಬಹುದು: ವೇದಿಕೆಯ ನಡುವೆ ತೋಪು ತಿರುಗಲು ಕೀಲಿನ ಜಾಗ, ಹಿಂದೆ ಒದೆಯನ್ನು ತಡೆಯಲು ಬಾಗಿದ ಕಲ್ಲಿನ ಗೋಡೆ. ತೋಪು ಎತ್ತ ತಿರುಗಿದರೂ ಅದರ ಬೆನ್ನಿಗೆ ಗೋಡೆ ಸಿಗುತ್ತದೆ! 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಇ-ಮೈದಾನ್ ತೋಪು ಸುಮಾರು 55 ಟನ್ ತೂಗುತ್ತದೆ. ಅದರ ಸದ್ದಿಗೆ ಹೆದರಿ ಗೋಲಂದಾಜನು ಪಕ್ಕದ ನೀರಿನ ತೊಟ್ಟಿಗೆ ಮುಳುಗುತ್ತಿದ್ದನೆಂದು ಜನ ಹೇಳುತ್ತಾರೆ.

ನಮ್ಮ ಆದವಾನಿಯೂ ಈ ಕಥೆಯೊಳಗೇ ಇದೆ. 1565ರ ತಾಳಿಕೋಟೆ ಯುದ್ಧದ ನಂತರ, 1568ರಲ್ಲಿ ಈ ಕೋಟೆ ಬಿಜಾಪುರದವರ ವಶವಾಯಿತು. 1688ರಲ್ಲಿ ಸಿದ್ದಿ ಮಸೂದ್ ಖಾನ್ ಇದನ್ನು ಮೊಘಲರಿಗೆ ಒಪ್ಪಿಸಿದ. ತಾನು ಕಟ್ಟಿಸಿದ ಜಾಮಿಯಾ ಮಸೀದಿಯ ಕಡೆಗೆ ಶತ್ರುಗಳು ತೋಪು ತಿರುಗಿಸಿದ್ದನ್ನು ಕಂಡು ಶರಣಾದನೆಂಬುದು ಐತಿಹ್ಯ. 1786ರಲ್ಲಿ ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಗೆದ್ದು ಕೋಟೆಯನ್ನು ಕೆಡವಿಸಿದ. 1800ರಲ್ಲಿ ಸೀಮೆ ಕಂಪನಿ ಸರ್ಕಾರದ ಕೈಸೇರಿತು.

ಆ ಸರ್ಕಾರಕ್ಕೆ ಜನರ ಕೈಯಲ್ಲಿದ್ದ ಆಯುಧವೇ ಭಯ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಗೆ ಮುಧೋಳ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ. 19 ಮಂದಿಯನ್ನು ಗಲ್ಲಿಗೇರಿಸಿದರು. ಕನ್ನಡದಲ್ಲಿ ಬೇಡರೆಂದೂ ತೆಲುಗಿನಲ್ಲಿ ಬೋಯರೆಂದೂ ಕರೆಸಿಕೊಳ್ಳುವ ಜನ ನಮ್ಮ ಹಳ್ಳಿಗಳಲ್ಲೂ ಇದ್ದಾರೆ, ಅವರ ಮಕ್ಕಳು ನಮ್ಮ ಶಾಲೆಗಳಲ್ಲೂ ಓದುತ್ತಾರೆ. ಹಲಗಲಿ ಅವರಿಗೆ ಪರದೇಶದ ಕಥೆಯಲ್ಲ. ಇಂದು ಬೇಟೆ ಅಪರಾಧ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬಂದೂಕಿನ ವಿದ್ಯೆ ಗುರಿಸ್ಪರ್ಧೆಗೆ ಸೇರಿದೆ. ಪರವಾನಗಿ ಇಲ್ಲದ ನಾಡಬಂದೂಕಿನ ತಂಟೆಗೆ ಹೋಗಬಾರದೆಂದು ಮಕ್ಕಳಿಗೆ ಹೇಳುವುದು ನಮ್ಮ ಕರ್ತವ್ಯ. ಮದ್ದು ಹೆಚ್ಚಾದರೆ ಒದೆಯುವುದಷ್ಟೇ ಅಲ್ಲ, ನಳಿಗೆಯೇ ಸಿಡಿಯುತ್ತದೆ.

1897ರಲ್ಲಿ ಫ್ರೆಂಚರು ಎಣ್ಣೆ ಮತ್ತು ಒತ್ತಿದ ಗಾಳಿಯಿಂದ ಒದೆಯನ್ನು ನುಂಗುವ 75 ಮಿ.ಮೀ. ತೋಪನ್ನು ತಯಾರಿಸಿದರು. ನಳಿಗೆ ಮಾತ್ರ ಹಿಂದೆ ಸರಿದು ತಾನೇ ಮುಂದೆ ಬರುತ್ತಿತ್ತು, ಗಾಡಿ ಅಲುಗುತ್ತಿರಲಿಲ್ಲ. ನಿಮಿಷಕ್ಕೆ 15 ಈಡು ಸಾಧ್ಯವಾಯಿತು. ಬಿಜಾಪುರದವರು ಕಲ್ಲಿನಲ್ಲಿ ಕೇಳಿದ ಪ್ರಶ್ನೆಗೆ ಇವರು ಉಕ್ಕಿನಲ್ಲಿ ಉತ್ತರ ಬರೆದರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಬಂದದ್ದು ಆಮೇಲೆ. ರಾಯಚೂರು, ಬಿಜಾಪುರ, ಆದವಾನಿ ಕೋಟೆಗಳ ಕಥೆ ಅದಕ್ಕೂ ಮೊದಲೇ ಒಂದಾಗಿತ್ತು. ಗಡಿಯಾಚೆಯದು ಕನ್ನಡದ ಇತಿಹಾಸ, ಈಚೆಯದು ಬರೀ ಕಲ್ಲುಗುಡ್ಡೆ ಎಂದು ನಮ್ಮ ಮಕ್ಕಳು ತಿಳಿದರೆ ಅವರಿಗೆ ತಮ್ಮ ಊರೇ ಕೈತಪ್ಪಿದಂತೆ. ಶಿಕ್ಷಕ ಬಂಧುಗಳೇ, ಮೂರನೇ ನಿಯಮದ ಪಾಠವನ್ನು ಒಮ್ಮೆ ಮಕ್ಕಳೊಂದಿಗೆ ಹತ್ತಿರದ ಕೋಟೆಯ ಬುರುಜಿನ ಬಳಿ ಮಾಡಿ. ತೋಪು ಎಲ್ಲಿ ನಿಂತಿದ್ದೀತು, ಒದೆಯನ್ನು ಯಾವ ಕಲ್ಲು ತಾಳಿದ್ದೀತು ಎಂದು ಅವರನ್ನೇ ಕೇಳಿ. ವಿಜ್ಞಾನ, ಚರಿತ್ರೆ ಎರಡೂ ಒಂದೇ ಗಂಟೆಯಲ್ಲಿ ಮುಗಿಯುತ್ತವೆ, ಎರಡೂ ನೆನಪಿರುತ್ತವೆ.